ಮಾಳಿಗೆಯ ಮೇಲಿನ ದೃಷ್ಟಿಗೊಂಬೆ

ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಬೆಳಕು ನೇರವಾಗಿ ಹೋಗುತ್ತದೆ, ಅಡ್ಡ ಬಂದದ್ದರ ಹಿಂದೆ ನೆರಳು ಬೀಳುತ್ತದೆ ಎಂಬುದನ್ನು ಮೇಣಬತ್ತಿ, ರಟ್ಟಿನ ಚೂರು ಹಿಡಿದು ಎಷ್ಟು ಮಕ್ಕಳಿಗೆ ತೋರಿಸಿದ್ದಾರೋ ಅವರಿಗೇ ನೆನಪಿಲ್ಲ. ಗೋಕಾಕದ ಸಂತೆಗೆ ಹೋದರೆ ಇವತ್ತಿಗೂ ಯಾರಾದರೊಬ್ಬರು ಅವರಿಗೆ 'ಸರ್, ನಮಸ್ಕಾರ್ರಿ' ಅನ್ನುತ್ತಾರೆ. ಕಾಯಿಪಲ್ಲೆಯ ಚೀಲ ಹಿಡಿದು ಹಿಂದೆ ನಿಂತ ನನಗೆ ಅನ್ನುವುದಿಲ್ಲ. ಅಂಥವರು, ನಮ್ಮ ಮಾಳಿಗೆಯ ಮೇಲೆ ಆರು ಸೋಲಾರ್ ಪ್ಲೇಟು ಕೂಡಿಸಿದ ಎಂಟು ದಿನಕ್ಕೆ, ಅವುಗಳ ಎದುರಿಗೇ ಒಂದು ದೃಷ್ಟಿಗೊಂಬೆ ನಿಲ್ಲಿಸಿದರು. ಆಮೇಲೆ ಕರೆಂಟು ಯಾಕೆ ಕಡಿಮೆಯಾಯಿತು ಎಂದು ಹುಡುಕಿದರು. ಹುಡುಕಿ ಹುಡುಕಿ, ಬಾಜೂ ಮನೆಯ ಬದಾಮಿ ಗಿಡವನ್ನು ಹಿಡಿದರು, ಮೂರು ತಿಂಗಳು ಬಿಡಲಿಲ್ಲ.

ಆ ಗಿಡದ ಕೆಳಗೆ ಎರಡು ಜೀವದ ಅನ್ನವಿತ್ತು. ನಮ್ಮ ಪಶ್ಚಿಮದ ಗೋಡೆಯ ಆಚೆಗೆ ಇರುವವರು ಗಾದಿ ಹೊಲಿಯುವ ಕಾಕಾ, ಅವರ ಹೆಂಡತಿ ಚಾಚಿ. ಎರಡು ಕೋಣೆಯ ಮನೆ, ಅಂಗಳದ ಮೂಲೆಗೆ ಒಂದು ತಗಡಿನ ಶೆಡ್ಡು. ಶೆಡ್ಡಿನಲ್ಲಿ ಅರಳೆ ಪಿಂಜುವ ಮಶೀನು ಇದೆ. ಅದು ಬಿಟ್ಟರೆ ಒಬ್ಬರು ನಿಲ್ಲುವಷ್ಟು ಜಾಗ. ಆರಡಿ ಗಾದಿಯನ್ನು ಹಾಸಿ, ಅರಳೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ಉದ್ದ ಸೂಜಿಯಲ್ಲಿ ಹೊಲಿಯುವುದೆಲ್ಲ ಗಿಡದ ಕೆಳಗೆ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಹೊಲಿಯಲು ಕೂತರೆ ಮನುಷ್ಯ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತಾನೆ. ಮನೆಯೊಳಗೆ ಹೊಲಿಯೋಣವೆಂದರೆ ಚಾಚಿಗೆ ದಮ್ಮು. ಅರಳೆಯ ಧೂಳು ಮೂಗಿಗೆ ಹೋಯಿತೋ, ಇಡೀ ದಿನ ಗೋಡೆಗೆ ಒರಗಿ ಉಸಿರು ಎಳೆಯುತ್ತಾರೆ. ಗಿಡ ಹೋದರೆ ಕಾಕಾನ ಕಸಬೂ ಹೋಯಿತು. ಇದು ನಮ್ಮ ಓಣಿಯ ಎಮ್ಮೆಗಳಿಗೂ ಗೊತ್ತಿತ್ತು. ಭಾವನವರಿಗೆ ಗೊತ್ತಿರಲಿಲ್ಲ ಅಂತಲ್ಲ. ಅದು ವಿಜ್ಞಾನದೊಳಗೆ ಬರುವುದಿಲ್ಲ ಎಂದು ಬಿಟ್ಟುಬಿಟ್ಟಿದ್ದರು.

ಪ್ಲೇಟು ಬಂದದ್ದು ದೀಪಾವಳಿ ಮುಗಿದ ಮೇಲೆ. ಕೂಡಿಸಲು ಬಂದವನು ಹುಕ್ಕೇರಿಯವನು. ಕರೀ ಕನ್ನಡಕ ಹಾಕಿಕೊಂಡೇ ಬಂದ, ಮನೆಯೊಳಗೂ ತೆಗೆಯಲಿಲ್ಲ. ಚಹಾ ಕೊಟ್ಟರೆ ಒಂದು ಕೈಯಲ್ಲಿ ಬಸಿ, ಇನ್ನೊಂದರಲ್ಲಿ ಫೋನು. ಮಾಳಿಗೆ ಹತ್ತಿದವನು ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಸಹ ಕೇಳಲಿಲ್ಲ. ಫೋನಿನೊಳಗಿನ ದಿಕ್ಸೂಚಿ ನೋಡಿದ, ಪ್ಲೇಟುಗಳ ಮುಖ ದಕ್ಷಿಣಕ್ಕೆ ಮಾಡಿದ, ಪೂರ್ವದಿಂದ ಪಶ್ಚಿಮಕ್ಕೆ ಆರನ್ನೂ ಒಂದೇ ಸಾಲಿಗೆ ನಿಲ್ಲಿಸಿದ, ಆರನ್ನೂ ಒಂದೇ ಸರದಂತೆ ತಂತಿಯಿಂದ ಪೋಣಿಸಿ ಕೆಳಗೆ ಇಳಿಸಿದ. ಬಿಸಿಲಿನ ಕರೆಂಟನ್ನು ಮನೆಯ ಕರೆಂಟು ಮಾಡುವ ಇನ್ವರ್ಟರ್ ಡಬ್ಬಿಯನ್ನು ಅಡುಗೆಮನೆಯ ಹೊರಗೋಡೆಗೆ ಬಡಿದ. ಆ ಡಬ್ಬಿಯ ಕೆಳಗೆ ತಂತಿ ಹೋಗಲು ಎರಡು ಬಾಯಿಗಳಿದ್ದವು. ಒಂದಕ್ಕೆ ತಂತಿ ಕೊಟ್ಟ, ಇನ್ನೊಂದಕ್ಕೆ ಕಪ್ಪು ಟೇಪು ಸುತ್ತಿದ. ಇದು ಯಾಕೆ ಖಾಲಿ ಎಂದು ನಾನು ಕೇಳಿದ್ದಕ್ಕೆ, ಅದು ದೊಡ್ಡ ಮಂದಿಗೆ ಬೇಕಾಗುವಂಥದ್ದು, ನಿಮಗೆ ಬೇಡ ಎಂದ. ಭಾವನವರು ತಲೆ ಆಡಿಸಿದರು. ಅವರು ತಲೆ ಆಡಿಸಿದ ಮೇಲೆ ಮನೆಯಲ್ಲಿ ಇನ್ನೊಬ್ಬರು ಕೇಳುವ ಪದ್ಧತಿಯಿಲ್ಲ. ನನ್ನ ಯಜಮಾನರು ಮುಂಜಾನೆ ಎಂಟಕ್ಕೆ ಘಟಪ್ರಭಾದ ಅಂಗಡಿಗೆ ಹೋದರೆ ಸಂಜೆಗೇ ಬರುವವರು. ಅಣ್ಣನ ಎದುರು ಅವರು ಆಡಿದ ಮಾತುಗಳನ್ನು ಒಂದು ಪೋಸ್ಟ್ ಕಾರ್ಡಿನ ಮೇಲೆ ಬರೆಯಬಹುದು.

ಮಾಳಿಗೆಯ ಅರ್ಧ ಜಾಗ ಪ್ಲೇಟಿಗೆ ಹೋಯಿತು. ಅದು ನನ್ನ ಜಾಗವಾಗಿತ್ತು. ಇಪ್ಪತ್ತಾರು ವರ್ಷ ಅಲ್ಲಿ ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಒಣಗಿಸಿದ್ದೇನೆ. ಯಾವ ತಿಂಗಳು ಎಷ್ಟು ಗಂಟೆಗೆ ನೀರಿನ ಟಾಕಿಯ ನೆರಳು ಎಲ್ಲಿ ಬರುತ್ತದೆ, ಚಾಪೆಯನ್ನು ಯಾವಾಗ ಎಳೆಯಬೇಕು ಎಂದು ನನ್ನ ಕಾಲಿಗೆ ಗೊತ್ತು. ಅದನ್ನು ಯಾರೂ ಕೇಳಲಿಲ್ಲ. ಹಪ್ಪಳ ಒಣಗಿಸುವವಳಿಗೆ ನೆರಳಿನ ಬಗ್ಗೆ ಏನು ಗೊತ್ತಿರಬೇಕು?

ಇನ್ನೊಂದು ನನ್ನ ಚಾಳಿ ಹೇಳಿಬಿಡುತ್ತೇನೆ. ಅಡುಗೆಮನೆಯ ಕ್ಯಾಲೆಂಡರಿನ ಮನೆಗಳಲ್ಲಿ ನಾನು ದಿನವೂ ಬರೆಯುತ್ತೇನೆ: ಹಾಲು ಎಷ್ಟು, ನಳ ಬಂತೋ ಇಲ್ಲವೋ, ಸಿಲಿಂಡರ್ ಯಾವತ್ತು ಹಚ್ಚಿದ್ದು. ಇನ್ವರ್ಟರಿನ ಮುಖದ ಮೇಲೆ ಆ ಹೊತ್ತಿಗೆ ಬರುವ ಕರೆಂಟಿನ ಅಂಕಿ ಓಡುವುದು ನೋಡಿ, ಅದನ್ನೂ ಬರೆಯತೊಡಗಿದೆ. ಮುಂಜಾನೆ ಹತ್ತಕ್ಕೆ ಕುಕ್ಕರ್ ಇಳಿಸಿದಾಗ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಪಾತ್ರೆ ತೊಳೆದಾಗ ಒಮ್ಮೆ, ಸಂಜೆ ಚಹಾದ ಹೊತ್ತಿಗೆ ಒಮ್ಮೆ. ಭಾವನವರು ನೋಡಿ ನಕ್ಕರು. ಫೋನಿನಲ್ಲಿ ಎಲ್ಲಾ ತಾನೇ ಬರುತ್ತದೆ, ಸುಮ್ಮನೆ ಪೆನ್ನು ಸವೆಸಬೇಡ ಎಂದರು. ಫೋನಿನಲ್ಲಿ ಬರುತ್ತಿದ್ದದ್ದು ದಿನದ ಒಟ್ಟು ಅಂಕಿ ಒಂದೇ. ಅದೂ ನೆಟ್ಟು ಇದ್ದ ದಿನ.

ಮೊದಲ ಎಂಟು ದಿನ ಹತ್ತು ಗಂಟೆಯ ಅಂಕಿ ಚೆನ್ನಾಗಿತ್ತು. ಓಣಿಯ ಗಂಡಸರೆಲ್ಲ ಬಂದು ಮಾಳಿಗೆ ಹತ್ತಿ ನೋಡಿ ಹೋದರು. ಬಂದವರೆಲ್ಲ ಹೊಗಳಿದರು, ಅದೇ ಕುತ್ತಾಯಿತು. ಎಷ್ಟು ಜನರ ಕಣ್ಣು ಬಿತ್ತು ಎಂದು ಭಾವನವರಿಗೆ ಒಳಗೊಳಗೆ ಕುದಿ ಶುರುವಾಯಿತು. ನಾನು ಇದನ್ನೆಲ್ಲ ನಂಬುವುದಿಲ್ಲ, ಆದರೆ ಮಂದಿಯ ಕಣ್ಣು ಬಿಡಬೇಕಲ್ಲ ಎಂದು ಹೇಳುತ್ತ ಛಟ್ಟಿ ಅಮಾವಾಸ್ಯೆಯ ದಿನ ಒಂದು ಬಿದಿರಿಗೆ ಹಳೇ ಅಂಗಿ ತೊಡಿಸಿ, ಮೇಲೆ ಸುಣ್ಣದ ಚುಕ್ಕೆ ಇಟ್ಟ ಮಡಕೆ ಬೋರಲು ಹಾಕಿ, ಮಾಳಿಗೆಯ ಮುಂದಿನ ಆಗ್ನೇಯ ಮೂಲೆಗೆ ಕಟ್ಟಿದರು. ನಮ್ಮ ಮನೆಗೆ ಪೂರ್ವಕ್ಕೆ ರಸ್ತೆ. ಹೋಗಿ ಬರುವವರ ಕಣ್ಣು ಪ್ಲೇಟಿಗೆ ಮುಟ್ಟುವ ಮೊದಲು ಗೊಂಬೆಗೆ ಮುಟ್ಟಬೇಕು. ಸೂರ್ಯ ಹುಟ್ಟುವುದೂ ಅದೇ ಕಡೆಗೆ ಎಂಬುದು ವಿಜ್ಞಾನ ಮಾಸ್ತರರ ಲಕ್ಷ್ಯಕ್ಕೆ ಬರಲಿಲ್ಲ. ಸೂರ್ಯನನ್ನು ಅವರು ಮಂದಿಯೊಳಗೆ ಎಣಿಸಿರಲಿಲ್ಲ.

ಮರುದಿನದಿಂದ ಅಂಕಿ ಇಳಿಯಿತು. ವಾರವಾದ ಮೇಲೆ ಫೋನಿನ ಒಟ್ಟು ಅಂಕಿ ನೋಡಿ ಭಾವನವರ ಮುಖವೂ ಇಳಿಯಿತು. ಅವರು ತನಿಖೆಗೆ ಮಾಳಿಗೆ ಹತ್ತುವುದು ಯಾವಾಗ? ಮುಂಜಾನೆ ಅವರಿಗೆ ವಾಕಿಂಗು, ಸ್ನಾನ, ಪೂಜೆ, ಪೇಪರು. ಮಧ್ಯಾಹ್ನ ನಿದ್ದೆ. ಸಂಜೆ ಐದಕ್ಕೆ ಚಹಾದ ಲೋಟ ಹಿಡಿದು ಹತ್ತಿದರೆ, ಆ ಹೊತ್ತಿಗೆ ಪಶ್ಚಿಮದ ಬದಾಮಿ ಗಿಡದ ನೆರಳು ಕಡೆಯ ಎರಡು ಪ್ಲೇಟಿನ ಮೇಲೆ ಕಂಬಳಿ ಹೊದಿಸಿದಂತೆ ಬಿದ್ದಿರುತ್ತಿತ್ತು. ಸಂಜೆ ಐದರ ಬಿಸಿಲಿನಲ್ಲಿ ಬರುವ ಕರೆಂಟಾದರೂ ಎಷ್ಟು? ಅದನ್ನು ವಿಚಾರಿಸಲಿಲ್ಲ. ಕಳ್ಳ ಸಿಕ್ಕ ಎಂದು ಕೆಳಗಿಳಿದು ಬಂದರು. ಮರುದಿನವೂ ಅದೇ ಹೊತ್ತಿಗೆ ಹತ್ತಿ, ಅದೇ ನೆರಳು ನೋಡಿ, ಅದೇ ಕಳ್ಳನನ್ನು ಹಿಡಿದರು.

ಹುಕ್ಕೇರಿಯವನನ್ನು ಫೋನು ಮಾಡಿ ಕರೆಸಿದರು. ಅವನೂ ಸಂಜೆಗೇ ಬಂದ. ಮಾಸ್ತರರು ಬೆರಳು ತೋರಿಸಿದ ಕಡೆ ಕರೀ ಕನ್ನಡಕ ತಿರುಗಿಸಿದ. ಗಿಡವೇ ಕಾರಣ ಎಂದ. ಗಿಡ ತೆಗೆಯದಿದ್ದರೆ ಇನ್ನೆರಡು ಪ್ಲೇಟು ಹೆಚ್ಚಿಗೆ ಕೂಡಿಸಬೇಕಾಗುತ್ತದೆ ಎಂದೂ ಅಂದ. ಅದೇ ಸರಕ್ಕೆ ಇನ್ನೆರಡು ಮಣಿ.

ಆ ಸಂಜೆಯೇ ಭಾವನವರು ಗೋಡೆಯ ಹತ್ತಿರ ನಿಂತು ಕಾಕಾನನ್ನು ಕರೆದರು. ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ದೇಶಕ್ಕೆ ಸೋಲಾರ್ ಯಾಕೆ ಬೇಕು ಎಂಬಲ್ಲಿಂದ ಶುರು ಮಾಡಿ, ಗಿಡ ಕಡಿಸಬೇಕು ಎಂಬಲ್ಲಿಗೆ ಬರಲು ಅವರಿಗೆ ಅರ್ಧ ತಾಸು ಹಿಡಿಯಿತು. ಕಾಕಾ ಬಾಯಲ್ಲಿದ್ದ ದಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿದರು. ಅವರ ಮಕ್ಕಳಿಬ್ಬರೂ ಇದೇ ಮಾಸ್ತರರ ಕೈಯಲ್ಲಿ ಕಲಿತವರು. ಆ ಮರ್ಯಾದೆ ಅವರ ಕೊರಳಿಗೆ ಉರುಳು.

"ಕೈಯಾಗ ಲಗ್ನದ ಗಾದಿ ಅದಾವ್ರಿ ಮಾಸ್ತರ," ಎಂದರು ಕಾಕಾ. "ಹಿಡದ ಕೆಲಸ ಗಿಡದ ಕೆಳಗ ಮುಗಸ್ತೇನ್ರಿ. ಕೈಯಾಗಿನ ಗಾದಿ ಮುಗದ ಮರುದಿನ ಕಡಸ್ತೇನಿ. ಮಾತ ಕೊಟ್ಟೇನಿ."

ಭಾವನವರು ಗೆದ್ದು ಒಳಗೆ ಬಂದರು. ಚಾಚಿ ಗಿಡದ ಬುಡಕ್ಕೆ ಕೂತವರು ಏಳಲಿಲ್ಲ. ನಾನು ಒಣಗದ ಬಟ್ಟೆಯನ್ನೂ ತೆಗೆದುಕೊಂಡು ಒಳಗೆ ಬಂದೆ. ಆ ಹೊತ್ತಿನಲ್ಲಿ ಏನಾದರೂ ಆಡಬೇಕಿತ್ತು. ನನ್ನ ತಾಳ್ಮೆಯನ್ನು ಮಂದಿ ಹೊಗಳುತ್ತಾರೆ; ಅದರಲ್ಲಿ ಅರ್ಧ ಬರೀ ಹೆದರಿಕೆ.

ಎಳ್ಳ ಅಮಾವಾಸ್ಯೆಗೆ ನಾನೂ ನನ್ನ ಯಜಮಾನರೂ ಮೂಡಲಗಿಗೆ, ನನ್ನ ತವರಿನ ಹೊಲಕ್ಕೆ ಊಟಕ್ಕೆ ಹೋಗಿದ್ದೆವು. ತಿರುಗಿ ಬಂದು ನೋಡಿದರೆ ಗೊಂಬೆ ಬೆಳೆದುಬಿಟ್ಟಿತ್ತು. ಕರೆಂಟು ಇನ್ನೂ ಏರಲಿಲ್ಲ ಎಂದರೆ ಮಂದಿಯ ಕಣ್ಣು ಹಳೇ ಗೊಂಬೆಯನ್ನು ದಾಟಿ ಹೋಗಿದೆ ಎಂದರ್ಥವಂತೆ. ಗಿಡವೂ ಕಾರಣ, ಕಣ್ಣೂ ಕಾರಣ. ಎರಡಕ್ಕೂ ಮದ್ದು ಮಾಡುವುದು ಜಾಣತನ. ಈ ಸಲದ್ದು ಆಳೆತ್ತರದ್ದು. ಭಾವನವರು ನಿವೃತ್ತಿಯ ದಿನಕ್ಕೆಂದು ಹೊಲಿಸಿದ್ದ ಸಫಾರಿಯನ್ನು ಅದಕ್ಕೆ ತೊಡಿಸಿದ್ದರು. ಎರಡೂ ತೋಳು ಅಗಲಿಸಿ, ಕೊರಳಿಗೆ ನಿಂಬೆ ಮೆಣಸಿನಕಾಯಿ, ಒಂದು ಕೈಗೆ ಬೂದಗುಂಬಳ. ಹೊಟ್ಟೆಯೊಳಗೆ ತುಂಬಿದ್ದು ಅರಳೆ. ಎಲ್ಲಿಯದು ಎಂದರೆ, ಕಾಕಾನ ಶೆಡ್ಡಿನದು. ಮಾಸ್ತರರು ಕೇಳಿದರೆಂದು ಆ ಮನುಷ್ಯ ಒಂದು ಚೀಲ ತುಂಬಿ ಕೊಟ್ಟಿದ್ದರು. ತಮ್ಮ ಗಿಡವನ್ನು ಕಡಿಸುವವರ ಗೊಂಬೆಗೆ ತಮ್ಮದೇ ಅರಳೆ.

ಕೆಳಗಿನಿಂದ ನೋಡಿದರೆ ಭಾವನವರೇ ಮಾಳಿಗೆಯ ಮೇಲೆ ನಿಂತು ಓಣಿಗೆ ಪಾಠ ಹೇಳುವ ಹಾಗಿತ್ತು. ಹಾಲಿನವನು ಎರಡು ದಿನ ಅದಕ್ಕೆ ನಮಸ್ಕಾರ ಮಾಡಿದ.

ಹತ್ತು ಗಂಟೆಯ ಅಂಕಿಯಲ್ಲಿ ಈಗ ಮೂರರಲ್ಲೊಂದು ಪಾಲು ಹೋಯಿತು. ಎರಡು ಗಂಟೆಯದು ಮಾತ್ರ ಮೊದಲ ದಿನದಷ್ಟೇ. ನಾನು ಕ್ಯಾಲೆಂಡರಿನ ಹಾಳೆ ತಿರುವಿ ತಿರುವಿ ನೋಡಿದೆ. ಗಿಡ ಪಶ್ಚಿಮಕ್ಕಿದೆ. ಮುಂಜಾನೆ ಅದರ ನೆರಳು ಕಾಕಾನ ಅಂಗಳದ ಆಚೆಗೆ ಬೀಳುತ್ತದೆ, ನಮ್ಮ ಮಾಳಿಗೆಗೆ ಸಂಬಂಧವೇ ಇಲ್ಲ. ಅಷ್ಟರಲ್ಲಿ ಸಂಕ್ರಾಂತಿ ದಾಟಿತು, ಬದಾಮಿ ಗಿಡ ಎಲೆಗಳನ್ನೆಲ್ಲ ಕೆಂಪು ಮಾಡಿ ಉದುರಿಸಿ ಬರೀ ಟೊಂಗೆ ಹಿಡಿದು ನಿಂತಿತು. ಗಿಡದ್ದೇ ತಪ್ಪಾಗಿದ್ದರೆ ಅಂಕಿ ಏರಬೇಕಲ್ಲ? ಹತ್ತು ಗಂಟೆಯದು ಅಲ್ಲೇ ಇತ್ತು. ಸಂಡಿಗೆ ಹಿಟ್ಟು ಹೊತ್ತು ಒಂದು ಮುಂಜಾನೆ ಮಾಳಿಗೆಗೆ ಹೋದೆ. ಸಫಾರಿ ತೊಟ್ಟ ನೆರಳು ತೋಳು ಚಾಚಿ ಎರಡನೆಯ, ಮೂರನೆಯ ಪ್ಲೇಟಿನ ಮೇಲೆ ಮಲಗಿತ್ತು. ತಾಸಿಗೊಮ್ಮೆ ಹೋಗಿ ನೋಡಿದೆ. ಬಿಸಿಲು ಏರಿದ ಹಾಗೆ ಅದು ಸರಿದು ಸರಿದು, ಹನ್ನೆರಡಕ್ಕೆ ಮೊದಲನೆಯ ಪ್ಲೇಟಿನ ಕಾಲ ಬಳಿ ಕೂತಿತು. ಆಮೇಲೆ ಹೊರಗೆ ರಸ್ತೆಗೆ ಇಳಿಯಿತು. ಭಾವನವರು ಎದ್ದು ಮಾಳಿಗೆ ಹತ್ತುವ ಹೊತ್ತಿಗೆ ಅದು ಊರೇ ಬಿಟ್ಟಿರುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಹೇಳಿದೆ. ಕ್ಯಾಲೆಂಡರನ್ನೂ ತಂದು ಎದುರಿಗಿಟ್ಟೆ. ಅವರು ಚಷ್ಮಾ ಹಾಕಿಕೊಳ್ಳಲಿಲ್ಲ.

"ಗೊಂಬಿ ನೆರಳು ಎಷ್ಟರ ಐತವಾ?" ಎಂದರು. "ಗಿಡದ ನೆರಳು ನೋಡು, ಗೊಂಬಿ ನೆರಳು ನೋಡು. ದೊಡ್ಡದು ಬಿಟ್ಟು ಸಣ್ಣದು ಹಿಡೀತೀದಿ. ಇದು ಹಪ್ಪಳದ ಮಾತಲ್ಲ, ಸೈನ್ಸ್ ಐತಿ."

ಕ್ಯಾಲೆಂಡರನ್ನು ತಿರುಗಿ ಮೊಳೆಗೆ ಹಾಕಿದೆ. ಸಣ್ಣ ನೆರಳು ಅಷ್ಟೊಂದು ಹೇಗೆ ತಿನ್ನುತ್ತದೆ ಎಂದು ನನಗೂ ತಿಳಿದಿರಲಿಲ್ಲ. ಒಂದು ದಿನ ಹತ್ತು ಗಂಟೆಗೆ ಗೊಂಬೆಯ ತೋಳೆರಡನ್ನೂ ಮೈಗೆ ಬಿಗಿದು, ಇಡೀ ಗೊಂಬೆಯನ್ನು ಗೋಡೆಯ ಕಡೆಗೆ ಬಾಗಿಸಿದೆ. ಇಳಿದು ಬಂದು ನೋಡಿದರೆ ಅಂಕಿ ಜಿಗಿದಿತ್ತು. ಭಾವನವರನ್ನು ಕರೆದೆ. ಅವರು ಪೂಜೆ ಮುಗಿಸಿ, ಮಂತ್ರ ಮುಗಿಸಿ, ವಿಭೂತಿ ಹಚ್ಚಿಕೊಂಡು ಬರುವಷ್ಟರಲ್ಲಿ ಹನ್ನೊಂದೂವರೆ. ಬಿಸಿಲು ಏರಿದೆ, ಅದಕ್ಕೆ ಅಂಕಿ ಏರಿದೆ ಎಂದರು. ಅಮಾವಾಸ್ಯೆಯಲ್ಲಿ ಕಟ್ಟಿದ್ದನ್ನು ಮನೆಯ ಹೆಣ್ಣುಮಗಳು ಮುಟ್ಟಬಾರದು ಎಂದೂ ಸೇರಿಸಿದರು. ನಂಬದವರ ನಂಬಿಕೆ ಹೀಗಿರುತ್ತದೆ.

ಮೂಡಲಗಿಯಲ್ಲಿ ನನ್ನ ಅಣ್ಣ ಮೋಟರಿಗೆ ವೈಂಡಿಂಗ್ ಮಾಡುತ್ತಾನೆ. ಸುಟ್ಟುಹೋದ ಪಂಪಿನ ಮೋಟರುಗಳ ನಡುವೆ ಕೂತು, ತಾಮ್ರದ ತಂತಿ ಸುತ್ತುತ್ತಲೇ ಅವನ ತಲೆ ಬೆಳ್ಳಗಾಗಿದೆ. ಮಿಕ್ಸರ್ ಕೆಟ್ಟಿದೆ ಎಂದು ನೆಪ ಮಾಡಿ ಬಸ್ಸು ಹತ್ತಿದೆ. ಕ್ಯಾಲೆಂಡರಿನ ಮೂರು ಹಾಳೆ ಹರಿದು ಚೀಲದಲ್ಲಿ ಇಟ್ಟುಕೊಂಡಿದ್ದೆ. ಅವನು ಹಾಳೆಗಳನ್ನು ಓದಿದ, ಮಿಕ್ಸರನ್ನು ಮುಟ್ಟಲಿಲ್ಲ. ಅದರಲ್ಲಿ ಏನೂ ಕೆಟ್ಟಿಲ್ಲ ಎಂದು ನನ್ನ ಮುಖದ ಮೇಲೇ ಬರೆದಿತ್ತಂತೆ.

"ನಿಮ್ಮನಿ ಸ್ಲ್ಯಾಬ್ ಹಾಕಿದ ದಿನ ನೆನಪೈತಿಲ್ಲ?" ಎಂದ. "ಆಳು ಸಾಲಿಗೆ ನಿಂತು ಬುಟ್ಟಿ ದಾಟಸ್ತಿದ್ರು. ನಡಕಿನವ ಒಬ್ಬ ಬೀಡಿ ಹಚ್ಚಾಕ ನಿಂತಂದ್ರ?"

"ಬುಟ್ಟಿ ನಿಲ್ತಾವ," ಎಂದೆ.

"ನಿಮ್ಮ ಗೊಂಬಿ ದಿನಾ ಮುಂಜಾನೆ ಇಬ್ಬರಿಗೆ ಬೀಡಿ ಕೊಡಾಕತ್ತೈತಿ."

ಆಮೇಲೆ ಬಿಡಿಸಿ ಹೇಳಿದ. ಆರು ಪ್ಲೇಟನ್ನು ಒಂದೇ ಸರ ಮಾಡಿದರೆ ಆರರಲ್ಲೂ ಒಂದೇ ಕರೆಂಟು ಹರಿಯಬೇಕು. ಒಂದರ ಮೇಲೆ ನೆರಳು ಬಿದ್ದು ಅದು ಸೊರಗಿದರೆ ಉಳಿದವು ಅದಕ್ಕೆ ಕಾಯುತ್ತವೆ. ಪೂರ್ತಿ ನಿಲ್ಲಬಾರದೆಂದು ಪ್ಲೇಟಿನ ಬೆನ್ನ ಹಿಂದಿನ ಡಬ್ಬಿಯಲ್ಲಿ ಡಯೋಡ್ ಎಂಬ ಒಳದಾರಿಗಳು ಇರುತ್ತವೆ. ನಿಂತವನನ್ನು ಬಿಟ್ಟು ಆಚೆಯವನ ಕೈಗೆ ಬುಟ್ಟಿ ಹೋಗುತ್ತದೆ, ಆದರೆ ನಿಂತವನ ಪಾಲು ಹೋದಂತೆಯೇ. ಒಂದು ಪ್ಲೇಟಿನಲ್ಲಿ ಇಂಥ ಒಳದಾರಿ ಮೂರೋ ನಾಲ್ಕೋ, ಅಷ್ಟೇ. ನೆರಳು ಒಂದು ಮೂಲೆಯಲ್ಲಿ ಬಿದ್ದರೆ ಅಷ್ಟು ಭಾಗ ಹೋಗುತ್ತದೆ. ತೋಳು ಚಾಚಿ ಅಡ್ಡಡ್ಡ ಮಲಗಿದರೆ ಪ್ಲೇಟಿಗೆ ಪ್ಲೇಟೇ ಹೋಗುತ್ತದೆ. ನೆರಳು ಎಷ್ಟು ದೊಡ್ಡದು ಎಂಬುದಕ್ಕಿಂತ ಯಾವ ಹೊತ್ತಿಗೆ, ಎಷ್ಟು ಪ್ಲೇಟಿಗೆ ಅಡ್ಡ ಬಂತು ಎಂಬುದೇ ಮುಖ್ಯ. ಹಾಗಾದರೆ ಆರಕ್ಕೂ ಬೇರೆ ಬೇರೆ ತಂತಿ ಕೊಟ್ಟರೆ ಆಗದೇ ಎಂದು ಕೇಳಿದೆ. ನೆರಳಿನ ಕಾಟ ತಪ್ಪುತ್ತದೆ, ಆದರೆ ವೋಲ್ಟೇಜು ಇಳಿದುಹೋಗಿ ನಿಮ್ಮ ಡಬ್ಬಿ ಏಳುವುದೇ ಇಲ್ಲ, ದಪ್ಪ ತಂತಿಯೂ ಬೇಕು ಎಂದ. ಪ್ರತಿ ಪ್ಲೇಟಿನ ಹಿಂದೆ ಒಂದೊಂದು ಸಣ್ಣ ಇನ್ವರ್ಟರ್ ಕೂಡಿಸುವ ಪದ್ಧತಿಯೂ ಇದೆಯಂತೆ. ನೆರಳು ತಪ್ಪಿಸಲಾಗದ ಮನೆಗೆ ಅದು ಸರಿ, ಗೊಂಬೆಯನ್ನು ಇಳಿಸಬಹುದಾದ ಮನೆಗೆ ಅಲ್ಲ ಎಂದ. ಆಗ ನನಗೆ ಟೇಪು ಸುತ್ತಿದ ಬಾಯಿ ನೆನಪಾಯಿತು. ಹೇಳಿದೆ. ಅಣ್ಣ ಕೈಯ ತಂತಿಯನ್ನು ಕೆಳಗಿಟ್ಟ. ಎರಡು ಬಾಯಿ ಇದ್ದದ್ದು ಖರೆಯೇ ಎಂದು ಎರಡು ಸಲ ಕೇಳಿದ.

ಬೇಸಿಗೆ ಮುಂದೆ ಬಂತೆಂದು ಕಬ್ಬಿನ ಹೊಲದವರ ಮೋಟರುಗಳು ಅವನ ಅಂಗಡಿಯ ಬಾಗಿಲವರೆಗೂ ಬಂದು ಕೂತಿದ್ದವು. ಶಿವರಾತ್ರಿಯಾದ ಮೇಲಿನ ಐತವಾರ ಬರುತ್ತೇನೆ, ಅಲ್ಲಿಯವರೆಗೆ ಗಿಡ ಹಿಡಿದುಕೊಂಡಿರು ಎಂದ. ಐದು ವಾರ. ಕಾಕಾನ ಕೈಯಲ್ಲಿ ಉಳಿದಿದ್ದದ್ದು ಎರಡೇ ಗಾದಿ.

ಗಿಡವನ್ನು ಹಿಡಿದುಕೊಳ್ಳುವುದು ಹೇಗೆ? ಮಾಸ್ತರರಿಗೆ ಬುದ್ಧಿ ಹೇಳುವ ಹಾಗಿಲ್ಲ, ಕಾಕಾ ಕೊಟ್ಟ ಮಾತು ತಪ್ಪುವವರಲ್ಲ. ಕೈಯಲ್ಲಿನ ಗಾದಿ ಮುಗಿದ ಮರುದಿನ ಎಂದಿದ್ದರು. ಸರಿ, ಮುಗಿಯದ ಹಾಗೆ ನೋಡಿಕೊಳ್ಳಬೇಕು. ಊರಿಗೆ ತಿರುಗಿ ಬಂದ ಮರುದಿನ ನಮ್ಮ ಮಂಚದ ಗಾದಿಯನ್ನು ಸುತ್ತಿ ಗೋಡೆಯ ಮೇಲಿಂದ ದಾಟಿಸಿದೆ. ಅರಳೆ ಗಂಟು ಕಟ್ಟಿದೆ, ಪಿಂಜಿ ಹೊಸದಾಗಿ ಹೊಲಿಯಬೇಕು ಎಂದೆ. ಅದು ಮುಗಿಯುವ ಮೊದಲೇ ಪಡಸಾಲೆಯ ಗಾದಿ. ಆಮೇಲೆ ಅತಿಥಿಗಳು ಬಂದರೆ ಹಾಸುವವು ಎರಡು. ಯಾವಾಗಲೂ ಒಂದು ಗಾದಿ ಕಾಕಾನ ಕೈಯಲ್ಲಿ ಇರುವ ಹಾಗೆ ಒಂದು ಬರುವ ಮೊದಲು ಇನ್ನೊಂದು ಕಳಿಸಿದೆ. ನನ್ನ ಯಜಮಾನರು ಒಂದು ವಾರ ಜಮಖಾನೆಯ ಮೇಲೆ ಮಲಗಿದರು, ಯಾಕೆ ಎಂದು ಕೇಳಲಿಲ್ಲ. ಅವರ ಮಾತಿನ ಕಾರ್ಡಿನಲ್ಲಿ ಜಾಗ ಇನ್ನೂ ಉಳಿದಿದೆ.

ಭಾವನವರು ಮಾತ್ರ ಸಂಜೆಗೊಮ್ಮೆ ಗೋಡೆಯ ಹತ್ತಿರ ಕೆಮ್ಮುತ್ತಿದ್ದರು. ಕಾಕಾ ಹೊಲಿಯುತ್ತಲೇ, ಇನ್ನೂ ಕೈಯಲ್ಲಿ ಇದೆ ಎಂದು ಸೂಜಿ ಎತ್ತಿ ತೋರಿಸುತ್ತಿದ್ದರು. ಯಾರ ಗಾದಿ ಎಂದು ಭಾವನವರು ಬಗ್ಗಿ ನೋಡಿದ್ದರೆ ಸಾಕಿತ್ತು. ದಿನವೂ ತಾವು ಒರಗಿ ಕೂರುವ ಪಡಸಾಲೆಯ ನೀಲಿ ಪಟ್ಟೆಯ ಗಾದಿ. ನೋಡುವುದು ಅವರ ಕೆಲಸವಲ್ಲ, ಕಲಿಸುವುದು ಅವರ ಕೆಲಸ.

ನಾಲ್ಕನೆಯ ವಾರದ ಕೊನೆಗೆ ಮನೆಯಲ್ಲಿ ಉಳಿದದ್ದು ಒಂದೇ, ಭಾವನವರದು. ಕಾಕಾ ಹೋದ ವರ್ಷವಷ್ಟೇ ಹೊಲಿದು ಕೊಟ್ಟದ್ದು. ಅವರು ವಾಕಿಂಗಿಗೆ ಹೋದಾಗ ಸುತ್ತಿ, ಈ ಸಲ ಗೋಡೆಯ ಮೇಲಿಂದ ಕೊಡದೆ ನಾನೇ ಹೊತ್ತು ಅವರ ಅಂಗಳಕ್ಕೆ ಹೋದೆ. ಗಿಡದಲ್ಲಿ ತುದಿಗೆಲ್ಲ ಹಸಿರು ಚಿಗುರು ಬಂದಿತ್ತು. ಕಾಕಾ ಗಾದಿಯ ಮೂಲೆ ಬಿಚ್ಚಿ, ಎರಡು ಬೆರಳಿನಿಂದ ಅರಳೆ ಎಳೆದು ಬಿಸಿಲಿಗೆ ಹಿಡಿದರು.

"ತಂಗಿ, ಇದು ಇನ್ನೂ ಹೂವಿನಂಗೈತಿ," ಎಂದರು. "ಇದನ್ನ ಏನು ಪಿಂಜಲಿ?"

ನಾನು ಗಾದಿಯ ಇನ್ನೊಂದು ಮೂಲೆಯನ್ನು ಸರಿಪಡಿಸಿದೆ.

"ನೀ ಯಾಕ ತರಾಕತ್ತೀದಿ ಅನ್ನೂದು ನನಗ ಮೊದಲನೇ ಗಾದಿಗೆ ತಿಳದೈತಿ. ಎರಡ ದಿನದ ಗಾದಿಗೆ ನಾ ಎಂಟ ದಿನ ಯಾಕ ಹಚ್ಚಾಕತ್ತೇನಿ, ಅದು ನಿನಗ ತಿಳೀಲಿಲ್ಲ?"

ನನಗೆ ತಿಳಿದಿರಲಿಲ್ಲ. ಹಗಲೆಲ್ಲ ಹೊಲಿದದ್ದನ್ನು ಸಂಜೆಗೆ ಒಂದಿಷ್ಟು ಬಿಚ್ಚುತ್ತಿದ್ದರಂತೆ. ಬಾಗಿಲಲ್ಲಿ ಕೂತಿದ್ದ ಚಾಚಿ, ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೊಲಿದು ಬಿಚ್ಚಲು ಬರುತ್ತದೆ ಎಂದು ನಗಲು ಹೋಗಿ ಕೆಮ್ಮಿದರು. ಐತವಾರ ಅಣ್ಣ ಬಂದು ಮಾಸ್ತರರಿಗೆ ತೋರಿಸುತ್ತಾನೆ ಎಂದು ಹೇಳಿದೆ. ಕೆಮ್ಮು ಇಳಿದ ಮೇಲೆ ಚಾಚಿ, ಐತವಾರ ಮಾಸ್ತರ ಒಪ್ಪಲಿಲ್ಲ ಅಂದ್ರ, ಎಂದು ಕೇಳಿದರು. ಮನೆಯಲ್ಲಿ ಇನ್ನು ಗಾದಿ ಇಲ್ಲ ಎಂದು ನಾನು ಹೇಳಿದೆ. ಕಾಕಾ ಗಾದಿಯ ಮೂಲೆಯನ್ನು ತಿರುಗಿ ಹೊಲಿಯತೊಡಗಿದರು, ಬಹಳ ಸಾವಕಾಶ.

ಐತವಾರ ಅಣ್ಣ ಮುಂಜಾನೆ ಒಂಬತ್ತಕ್ಕೇ ಬಂದ. ಹುಕ್ಕೇರಿಯವನನ್ನೂ ಬರಹೇಳಿದ್ದ. ತಾನೇ ತಂತಿ ಬಿಚ್ಚಿದರೆ ನಾಳೆ ಕೆಟ್ಟದ್ದಕ್ಕೆಲ್ಲ ತನ್ನ ಹೆಸರು ಹೇಳುತ್ತಾನೆ, ಅವನ ಕೈಯಿಂದಲೇ ಮಾಡಿಸಬೇಕು ಎಂಬುದು ಅಣ್ಣನ ಲೆಕ್ಕ. ಭಾವನವರಿಗೆ ಬೀಗರು ಬಂದರೆಂಬ ಸಂಕೋಚ. ಪೂಜೆಯನ್ನು ಅರ್ಧಕ್ಕೆ ಮುಗಿಸಿ, ಬಹುಶಃ ಗೊಂಬೆ ಕಟ್ಟಿದ ಮೇಲೆ ಮೊದಲ ಸಲ, ಮುಂಜಾನೆ ಹತ್ತಕ್ಕೆ ಮಾಳಿಗೆ ಹತ್ತಿದರು.

ಅಣ್ಣ ಏನೂ ವಾದ ಮಾಡಲಿಲ್ಲ. ಗೊಂಬೆಯನ್ನು ಬಿಚ್ಚಿ ನೆಲಕ್ಕೆ ಮಲಗಿಸಿದ. ಕೆಳಗೆ ಇನ್ವರ್ಟರಿನ ಮುಂದೆ ನಿಂತಿದ್ದ ನಾನು ಅಂಕಿ ಕೂಗಿ ಹೇಳಿದೆ. ತಿರುಗಿ ನಿಲ್ಲಿಸಿದ, ಕೂಗಿದೆ. ಆಮೇಲೆ ತನ್ನ ಟವೆಲನ್ನು ಒಂದೇ ಒಂದು ಪ್ಲೇಟಿನ ಮೇಲೆ ಅಡ್ಡ ಹಾಸಿದ, ಕೂಗಿದೆ. ನಾಲ್ಕೈದು ಸಲ ಹೀಗೆ ಆಯಿತು.  ಕೊನೆಗೆ ಭಾವನವರು ಟವೆಲನ್ನು ತಾವೇ ಇಸಿದುಕೊಂಡು ಹಾಸಿ, ತೆಗೆದು, ಹಾಸಿ ನೋಡಿದರಂತೆ. ಅಂಕಿಗೆ ಮಾಸ್ತರರ ಕೈ, ವೈಂಡಿಂಗ್ ಮಾಡುವವನ ಕೈ ಎಂಬ ಭೇದವಿಲ್ಲ.

ಹುಕ್ಕೇರಿಯವನಿಗೆ ಅಣ್ಣ ಟೇಪು ಸುತ್ತಿದ ಬಾಯಿಯನ್ನು ತೋರಿಸಿದ. ಅವನು ಕನ್ನಡಕ ತೆಗೆದ. ಆಗ ಗೊತ್ತಾಯಿತು, ಕಣ್ಣು ಇದ್ದವು. ಎರಡನೇ ಬಾಯಿಗೆ ಇನ್ನೊಂದು ಜೋಡಿ ತಂತಿ ಮೇಲಿನಿಂದ ಎಳೆಯಬೇಕಾಗುತ್ತಿತ್ತು, ಅಷ್ಟು ಹೊತ್ತಿಲ್ಲದೆ ಬಿಟ್ಟಿದ್ದ. ಮೂರು ಪ್ಲೇಟಿನ ವೋಲ್ಟೇಜಿಗೆ ಡಬ್ಬಿ ಏಳುತ್ತದೆಯೇ ಎಂದು ಅಣ್ಣ ಅದರ ಪುಸ್ತಕ ತೆಗೆಸಿ ಓದಿಸಿದ, ಏಳುತ್ತಿತ್ತು. ಬಿಸಿಲು ಇರುವಾಗ ಪ್ಲೇಟಿನ ತಂತಿಯಲ್ಲಿ ಜೀವ ಇರುತ್ತದೆಂದು ಸಂಜೆಯವರೆಗೆ ಕಾದು, ಸರವನ್ನು ನಡುವೆ ಕಡಿದು ಎರಡು ಮಾಡಿದರು. ಪೂರ್ವದ ಮೂರು ಒಂದು ಬಾಯಿಗೆ, ಗಿಡದ ಕಡೆಯ ಮೂರು ಇನ್ನೊಂದಕ್ಕೆ. ಈಗ ಸಂಜೆ ಗಿಡದ ನೆರಳು ಬಿದ್ದರೆ ಆ ಕಡೆಯ ಮೂರು ಮಾತ್ರ ಸೊರಗುತ್ತವೆ, ಈ ಕಡೆಯವು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ.

ಮರುದಿನ ಹತ್ತು ಗಂಟೆಯ ಅಂಕಿ ಮೊದಲ ಎಂಟು ದಿನದ ಅಂಕಿಯನ್ನು ದಾಟಿತು. ಬೇಸಿಗೆಯ ಬಿಸಿಲೂ ಏರಿತ್ತು, ಸುಳ್ಳು ಹೇಳಬಾರದು. ಭಾವನವರು ಅದನ್ನು ನನ್ನ ಕ್ಯಾಲೆಂಡರಿನಲ್ಲೇ ನೋಡಿದರು, ಚಷ್ಮಾ ಹಾಕಿಕೊಂಡು.  ಸಂಜೆ ಗೋಡೆಯ ಹತ್ತಿರ ಹೋಗಿ ಕಾಕಾನನ್ನು ಕರೆದು, ತಾವು ಈ ವಿಷಯವನ್ನು ಆಳವಾಗಿ ಅಭ್ಯಾಸ ಮಾಡಿದ್ದಾಗಿಯೂ, ತಂತಿಯ ಜೋಡಣೆ ಬದಲಿಸಿದ್ದಾಗಿಯೂ, ಗಿಡ ಇದ್ದರೂ ನಡೆಯುತ್ತದೆಂದು ತೀರ್ಮಾನಿಸಿದ್ದಾಗಿಯೂ ಹೇಳಿದರು. ಗಿಡಕ್ಕೆ ಕ್ಷಮೆ ಕೊಡುವ ದನಿ.

"ಉಪಕಾರ ಆತ್ರಿ ಮಾಸ್ತರ," ಎಂದರು ಕಾಕಾ, ಸೂಜಿಯಿಂದ ಕಣ್ಣೆತ್ತದೆ.

ಚಾಚಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಮಡಕೆ ಈಗ ಉತ್ತರದ ಗೋಡೆಗೆ, ಪ್ಲೇಟಿನ ಬೆನ್ನ ಹಿಂದೆ ತೂಗುತ್ತದೆ. ಅಷ್ಟಾದರೂ ಇರಲಿ ಎಂದು ಭಾವನವರು ಹಟ ಹಿಡಿದರು, ಇರಲಿ ಎಂದೆ. ಸಫಾರಿಯನ್ನು ನಾನು ನೆಲ ಒರೆಸಲು ಇಟ್ಟುಕೊಂಡೆ. ಅದರ ಹೊಟ್ಟೆಯ ಅರಳೆಯನ್ನು ಕಾಕಾಗೆ ತಿರುಗಿ ಕೊಟ್ಟೆ. ಅವರು ಅದನ್ನು ಇನ್ನೊಮ್ಮೆ ಪಿಂಜಿ, ಒಂದು ತಲೆದಿಂಬು ಹೊಲಿದು ಮಾಸ್ತರರಿಗೆಂದು ಕಳಿಸಿದರು. ಮಧ್ಯಾಹ್ನ ಎರಡಕ್ಕೆ, ನಾನು ಪಾತ್ರೆ ತೊಳೆದು ಅಂಕಿ ಬರೆಯುವ ಹೊತ್ತಿಗೆ, ಭಾವನವರು ಅದರ ಮೇಲೆ ತಲೆಯಿಟ್ಟು ಮಲಗುತ್ತಾರೆ. ಇಂಥ ಅರಳೆ ಈಗ ಎಲ್ಲಿ ಸಿಗುತ್ತದೆ, ಬಿಸಿಲು ಕಂಡ ಅರಳೆ ಎಂದು ಬಂದವರಿಗೆಲ್ಲ ಹೇಳುತ್ತಾರೆ.